ಆರನೇ ಟೇಬಲ್ಲಿನ ನೀರು

ಗ್ರೀಸ್ ದೇಶ ಎಲ್ಲಿದೆ ಎಂದು ಭೂಪಟದಲ್ಲಿ ತೋರಿಸು ಅಂದರೆ ನನಗೆ ಈಗಲೂ ಎರಡು ನಿಮಿಷ ಬೇಕು. ಆದರೆ ಕೊಲ್ಲಿ ದೇಶದ ಈ ಫಿಂಟಾಸ್ ಪೇಟೆಯ ಜನ ನಾಲ್ಕು ವರ್ಷದಿಂದ ಗ್ರೀಕ್ ಮೀನು, ಗ್ರೀಕ್ ಮೀನು ಎಂದು ಬೆರಳು ನೆಕ್ಕುತ್ತಿರುವುದು ಪಡುಕೆರೆಯ ಈ ಧನಂಜಯನ ಅಡುಗೆಗೆ. ಹೋಟೆಲ್ ತೆರೆದಾಗ ನಿಜವಾದ ಒಬ್ಬ ಗ್ರೀಕ್ ಅಡುಗೆಯವನಿದ್ದ. ಐದು ತಿಂಗಳು ನಮಗೆ ಕಲಿಸಿದ, ಜೂನಿನ ಸೆಖೆ ತಡೆಯಲಾರದೆ ರಜೆ ಹಾಕಿ ಹೋದ, ತಿರುಗಿ ಬರಲಿಲ್ಲ. ಅವನ ಮೆನು, ಗೋಡೆಗೆ ಅವನು ಹಚ್ಚಿಸಿದ ನೀಲಿ ಬಣ್ಣ ಉಳಿದವು. ಒಲೆಯ ಮುಂದೆ ಉಳಿದದ್ದು ನಾನು ಮತ್ತು ಬಜಪೆಯ ರೋಕ್. ಬೂತಾಯಿ ಮೀನನ್ನು ಕೆಂಡದ ಮೇಲೆ ಸುಟ್ಟು ಎಣ್ಣೆ, ನಿಂಬೆಹುಳಿ ಸುರಿದು ಕೊಡಲು ಗ್ರೀಸಿನಲ್ಲೇ ಹುಟ್ಟಬೇಕೆಂದು ಏನೂ ಇಲ್ಲ ನೋಡಿ.

ಇಲ್ಲಿಯ ಕ್ರಮ ಹೀಗೆ. ಬಾಗಿಲ ಬಳಿ ಐಸಿನ ಮೇಲೆ ಮೀನು ಮಲಗಿಸಿರುತ್ತೇವೆ. ಗಿರಾಕಿ ತನಗೆ ಬೇಕಾದ್ದನ್ನು ತೋರಿಸುತ್ತಾನೆ. ಲೆಬನಾನಿನ ಮ್ಯಾನೇಜರ್ ಅದನ್ನು ತೂಗಿ, ಟೇಬಲ್ ನಂಬರಿನ ಚೀಟಿ ಸಿಕ್ಕಿಸಿ ಒಳಗೆ ಕಳಿಸುತ್ತಾನೆ. ನಾವು ಸುಟ್ಟು ಗೋಡೆಯ ಕಿಂಡಿಯಲ್ಲಿ ಇಟ್ಟರೆ ಶಬೀರ್ ಒಯ್ದು ಬಡಿಸುತ್ತಾನೆ. ಉಡುಪಿ ಕಡೆಯವನಿಗೆ ಕಿಂಡಿಯಲ್ಲಿ ದರ್ಶನ ಹೊಸತೇನಲ್ಲ. ಎಂಟು ತಿಂಗಳಿಂದ ಪ್ರತಿ ಗುರುವಾರ ಸಂಜೆ ಏಳು ಗಂಟೆಗೆ ಆ ಕಿಂಡಿಯಲ್ಲಿ ನನಗೆ ನನ್ನ ಅಣ್ಣನ ಬೆನ್ನಿನ ದರ್ಶನವಾಗುತ್ತಿತ್ತು.

ಬೆನ್ನು ಮಾತ್ರ. ಅಣ್ಣ ಕೊರಗಪ್ಪ, ಅತ್ತಿಗೆ ಸುಗಂಧಿ, ಇಬ್ಬರೇ ಬರುವುದು. ಕೂರುವುದು ಆರನೇ ಟೇಬಲ್ಲಿನಲ್ಲಿ. ಅಣ್ಣ ಅಡುಗೆಮನೆಗೆ ಬೆನ್ನು ಹಾಕಿ ಕೂರುತ್ತಾನೆ, ಅತ್ತಿಗೆ ನನಗೆ ಎದುರಾಗಿ. ಎಸಿಯ ಗಾಳಿ ಮುಖಕ್ಕೆ ಬರಲಿ ಅಂತ ಅಣ್ಣ ಆ ಕುರ್ಚಿ ಹಿಡಿದಿದ್ದಾನೆ ಎಂದು ನಾನು ತಿಳಿದುಕೊಂಡಿದ್ದೆ. ಅವನಿಗೆ ಸೆಖೆ ತಡೆಯುವುದಿಲ್ಲ.

ನಾವಿಬ್ಬರೂ ಮಾತು ಬಿಟ್ಟು ನಾಲ್ಕು ವರ್ಷ. ತಪ್ಪು ನನ್ನದು ಎಂದು ಈಗ ಹೇಳುತ್ತೇನೆ, ಆಗ ಹೇಳುತ್ತಿರಲಿಲ್ಲ. ಮೀನಾ ಅಬ್ದುಲ್ಲಾ ಎಂಬ ಊರಿನ ಒಂದು ಕಾಂಟ್ರ್ಯಾಕ್ಟ್ ಕಂಪೆನಿಯಲ್ಲಿ ಅಣ್ಣ ಇಪ್ಪತ್ತಾರು ವರ್ಷದಿಂದ ಫೋರ್‌ಮನ್. ವೀಸಾ ತೆಗೆಸಿ ನನ್ನನ್ನು ಇಲ್ಲಿಗೆ ತಂದವನು ಅವನೇ. ಸ್ಟೋರಿನಲ್ಲಿ ತಮ್ಮನಿಗೊಂದು ನೆರಳಿನ ಕುರ್ಚಿ ಕೊಡಿ ಎಂದು ಜೀವಮಾನದಲ್ಲಿ ಯಾರ ಮುಂದೆಯೂ ಕೈಯೊಡ್ಡದವನು ಮುದೀರನ, ಅಂದರೆ ಕಂಪೆನಿಯ ಮ್ಯಾನೇಜರನ, ಮುಂದೆ ನಿಂತು ಕೇಳಿದ. ಕುರ್ಚಿ ಸಿಕ್ಕಿತು. ಮರುದಿನವೇ ನಾನು ಈ ಹೋಟೆಲಿಗೆ ಬರಲು ಕಂಪೆನಿ ನನ್ನನ್ನು ಬಿಟ್ಟುಕೊಡಲಿ ಎಂದು ರಿಲೀಸಿಗೆ ಅರ್ಜಿ ಕೊಟ್ಟೆ, ಅವನಿಗೆ ಒಂದು ಮಾತೂ ಹೇಳದೆ. ಮುದೀರ್ ಎಲ್ಲರ ಎದುರು ಅಣ್ಣನಿಗೆ ಉಗಿದನಂತೆ.

ಆ ರಾತ್ರಿ ಅವನ ಫ್ಲ್ಯಾಟಿನಲ್ಲಿ ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆಯಿತು. ನಿನ್ನ ಹಿಂದೆ ಹೆಲ್ಮೆಟ್ ಹೊತ್ತುಕೊಂಡು ತಿರುಗಲಿಕ್ಕೆ ನಾನು ಹುಟ್ಟಿದ್ದಲ್ಲ ಎಂದೆ. ಅಷ್ಟಾದರೂ ಅವನು ನನ್ನ ಸಿಟ್ಟು ಇಳಿಯಲಿ ಅಂತ ಒಂದು ಲೋಟ ನೀರು ಬಗ್ಗಿಸಿ ನನ್ನತ್ತ ಸರಿಸಿದ. ನಾನು ಹಿಂಗೈಯಲ್ಲಿ ಅದನ್ನು ನೂಕಿದೆ. ನೀರು ಹೋಗಿ ಅವನ ತಟ್ಟೆಯ ಅನ್ನದ ಮೇಲೆ ಚೆಲ್ಲಿತು. ಅಣ್ಣ ಎದ್ದುನಿಂತು ಹೇಳಿದ್ದು ಒಂದೇ ಮಾತು: ‘ಧರ್ಮಸ್ಥಳದ ಮಂಜುನಾಥನ ಆಣೆ, ಇನ್ನು ನಿನ್ನ ಕೈಯ ಒಂದು ತೊಟ್ಟು ನೀರು, ಒಂದು ತುತ್ತು ಅನ್ನ ನಾನು ಮುಟ್ಟುದಿಲ್ಲ.’

ನಮ್ಮ ಕಡೆ ಈ ಆಣೆಯೆಂದರೆ ಆಟವಲ್ಲ. ಮುರಿದರೆ ಕೇಡು ಆಣೆ ಹಾಕಿದವನಿಗೇ ಎಂದು ನಂಬಿಕೆ. ಬಿಡಿಸಿಕೊಳ್ಳಬೇಕಾದರೆ ಇಬ್ಬರೂ ಒಟ್ಟಿಗೆ ಕ್ಷೇತ್ರಕ್ಕೆ ಹೋಗಿ, ದೇವರ ಎದುರು ನಿಂತು ತಪ್ಪು ಕಾಣಿಕೆ ಹಾಕಬೇಕು. ಕೂಡಲೇ ಹೋಗಲಾಗದಿದ್ದರೆ ಹಳದಿ ಬಟ್ಟೆಯಲ್ಲಿ ಕಾಣಿಕೆಯನ್ನು ಮುಡಿಪು ಕಟ್ಟಿಟ್ಟು, ಬರುತ್ತೇವೆ ಸ್ವಾಮಿ, ಸ್ವಲ್ಪ ತಡೆ ಎಂದು ಕೇಳಿಕೊಳ್ಳಬೇಕು. ನಾವು ಎರಡನ್ನೂ ಮಾಡಲಿಲ್ಲ. ಅವನಿಗೆ ಹಟ, ನನಗೆ ಅದರಪ್ಪನಂಥ ಹಟ.

ಹಾಗಿರುವಾಗ ಎಂಟು ತಿಂಗಳ ಹಿಂದೆ ಒಂದು ಗುರುವಾರ ಕಿಂಡಿಯಿಂದ ನೋಡುತ್ತೇನೆ, ಅಣ್ಣ! ಅವನಿಗೆ ನಾನು ಯಾವುದೋ ಗ್ರೀಕ್ ಹೋಟೆಲಿನಲ್ಲಿದ್ದೇನೆ ಎಂಬುದಷ್ಟೇ ಗೊತ್ತು, ಯಾವುದು ಎಂದು ಗೊತ್ತಿರಲಿಕ್ಕಿಲ್ಲ ಎಂದುಕೊಂಡೆ. ಮುರು ಮೀನು ತೋರಿಸಿದ್ದ, ಇಲ್ಲಿಯವರು ಹಾಮೂರ್ ಎನ್ನುತ್ತಾರಲ್ಲ, ಅದು. ಅವನಿಗೆ ಪ್ರಾಣ. ಆ ಮೀನು ಕೈಯಲ್ಲಿ ಹಿಡಿದು ನಾನು ಎಷ್ಟು ಹೊತ್ತು ನಿಂತೆನೋ. ಕೊನೆಗೆ ನನ್ನ ಮಟ್ಟಿಗೆ ಒಂದು ವಕೀಲಿ ಮಾಡಿಕೊಂಡೆ. ಅಣ್ಣ ನೀರು ಅಂದಿದ್ದಾನೆ, ಅನ್ನ ಅಂದಿದ್ದಾನೆ, ಮೀನು ಅನ್ನಲಿಲ್ಲ. ಸುಟ್ಟೆ. ಸುಟ್ಟದ್ದು ಹೇಗೆ? ಅಮ್ಮ ಗೀರು ಹಾಕುತ್ತಿದ್ದ ಹಾಗೆ ಓರೆಯಾಗಿ ಒಂದು ಮಗ್ಗುಲಿಗೆ ಮೂರು, ಇನ್ನೊಂದಕ್ಕೆ ಎರಡು. ತಲೆಯನ್ನು ಬೇರೆ ತೆಗೆದು ಗರಿಗರಿ ಮಾಡಿ ಬದಿಗಿಟ್ಟೆ. ನಮ್ಮ ಮನೆಯಲ್ಲಿ ಮೀನಿನ ತಲೆ ಹಿರಿಮಗನಿಗೆ. ಅಣ್ಣ ಅದರಲ್ಲಿ ಅರ್ಧ ತಿಂದು, ಕೆನ್ನೆಯ ಮಾಂಸವಿದ್ದ ಅರ್ಧವನ್ನು ನನ್ನ ತಟ್ಟೆಗೆ ದೂಡುತ್ತಿದ್ದ. ಗ್ರೀಕರು ಹೀಗೇ ಮಾಡುತ್ತಾರೆ ಎಂದು ಅವನು ಅಂದುಕೊಳ್ಳಲಿ ಎಂದು ನನ್ನ ಲೆಕ್ಕ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ನನಗೂ ಏನು ವ್ಯತ್ಯಾಸ!

ಎರಡನೇ ವಾರವೇ ಅತ್ತಿಗೆ ನನ್ನನ್ನು ಕಿಂಡಿಯಲ್ಲಿ ನೋಡಿಬಿಟ್ಟರು. ತುಟಿಯ ಮೇಲೆ ಬೆರಳಿಟ್ಟು ತಲೆ ತಗ್ಗಿಸಿ ಊಟ ಮಾಡಿದರು. ಮೂರನೇ ವಾರವೂ ಅಣ್ಣನನ್ನು ಕರೆದುಕೊಂಡು ಬಂದರು. ಅವರ ವಕೀಲಿ ಇನ್ನೊಂದು: ಇದು ಹೋಟೆಲು, ಯಾರ ಮನೆಯೂ ಅಲ್ಲ. ಹೀಗೆ ಎಂಟು ತಿಂಗಳು ಹೋಯಿತು.

ಮೊನ್ನೆಯ ಗುರುವಾರ ಅತ್ತಿಗೆ ಊಟಕ್ಕೆ ಮುಂಚೆಯೇ ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು ಕಣ್ಣಲ್ಲೇ ಕರೆದರು. ನಾನು ಚೂರಿ ಹಿಡಿದುಕೊಂಡೇ ಹೊರಗೆ ಹೋದೆ. ಅವರ ಮುಖ ಬಾಡಿತ್ತು. ಮನೆಯ ತುಳುವಿನಲ್ಲಿ, ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಅಣ್ಣನ ಹೃದಯದಲ್ಲಿ ಮೂರು ಕಡೆ ಬ್ಲಾಕ್ ಉಂಟು. ಶನಿವಾರ ಅಡ್ಮಿಟ್, ಭಾನುವಾರ ಬೆಳಿಗ್ಗೆ ಬೈಪಾಸ್.

ನನ್ನ ತಲೆಗೆ ಮೊದಲು ಬಂದ ವಿಷಯ ಒಂದೇ. ಎಂಟು ತಿಂಗಳು ನನ್ನ ಕೈಯಡುಗೆ ತಿಂದಿದ್ದಾನೆ. ಮೀನು ಅನ್ನಲಿಲ್ಲವಂತೆ! ಆ ಮೀನನ್ನು ತೊಳೆದದ್ದು ಎಂತದರಲ್ಲಿ, ಪೆಟ್ರೋಲಿನಲ್ಲಾ? ನನ್ನ ಕೈಯ ನೀರಿನಲ್ಲಿಯೇ. ಅಣ್ಣನ ಆಣೆಯನ್ನು ಅವನಿಗೆ ತಿಳಿಯದ ಹಾಗೆ ನಾನು ಮುರಿಸಿದ್ದೇನೆ, ಕೇಡು ಅವನ ಎದೆಗೆ ಹತ್ತಿದೆ.

ಅತ್ತಿಗೆಗೆ ಹೇಳಿದೆ, ನಾನು ಈಗಲೇ ಹೋಗಿ ಕಾಲು ಹಿಡಿಯುತ್ತೇನೆ, ಭಾನುವಾರದ ಒಳಗೆ ತಪ್ಪು ಕಾಣಿಕೆ ಮುಡಿಪು ಕಟ್ಟಬೇಕು, ಅದಕ್ಕೆ ಅವನಿಗೆ ವಿಷಯ ಗೊತ್ತಾಗಲೇಬೇಕು. ಅವರು ನನ್ನ ಏಪ್ರನ್ನಿನ ತುದಿ ಗಟ್ಟಿ ಹಿಡಿದರು.

‘ಮಂಡೆ ಸಮ ಉಂಟಾ ನಿನಗೆ? ಸಿಟ್ಟು, ಗಾಬರಿ ಯಾವುದೂ ಆಗ್ಬಾರ್ದು ಅಂತ ಡಾಕ್ಟ್ರು ಹೇಳಿದ್ದಾರೆ. ನಿನ್ನ ಮುಖ ನೋಡಿ ಎಂತಾದ್ರೂ ಆದ್ರೆ? ಬಾಯಿ ಮುಚ್ಚಿ ನಿನ್ನ ಕೆಲಸ ಮಾಡು.’

ಹೇಳಿದರೆ ಎದೆಗೆ ಅಪಾಯ, ಹೇಳದಿದ್ದರೆ ಆಣೆಯ ಅಪಾಯ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು ನನ್ನದು. ಒಳಗೆ ಬಂದು ಒಂದು ತಟ್ಟೆಗೆ ಎರಡು ಸಲ ಉಪ್ಪು ಹಾಕಿದೆ. ಇನ್ನೊಂದಕ್ಕೆ ಹಾಕಲೇ ಇಲ್ಲ. ಕಿಂಡಿಗೆ ಹೋದೆ, ಬಂದೆ, ಮತ್ತೆ ಹೋದೆ. ಅಣ್ಣನ ಬೆನ್ನು ಸ್ವಲ್ಪ ಬಾಗಿತ್ತು. ಶರ್ಟಿನ ಹೆಗಲು ಸಡಿಲಾಗಿತ್ತು. ಎಂಟು ತಿಂಗಳಿಂದ ಅದೇ ಬೆನ್ನು ನೋಡುತ್ತಿದ್ದೇನೆ, ಇಳಿದುಹೋದದ್ದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಕಾಲಡಿಯಲ್ಲಿ ಕೆಂಡ ಉಂಟಾ ಮಾರಾಯ ಎಂದು ರೋಕ್ ಬೈದ.

ಅಷ್ಟರಲ್ಲಿ ಆರನೇ ಟೇಬಲ್ಲಿನ ಚೀಟಿ ಬಂತು. ಸಾಧಾರಣ ಗಾತ್ರದ ಮುರು. ಕಣ್ಣು ಹೊಳೆಯುವ ತಾಜಾ ಮೀನು, ಅಣ್ಣ ಆರಿಸಿದ್ದರಲ್ಲಿ ಎರಡು ಮಾತಿಲ್ಲ. ನಾನು ಮುಟ್ಟಲಿಲ್ಲ. ಇವತ್ತು ಇದನ್ನು ನೀನೇ ಮಾಡು ಎಂದು ರೋಕನಿಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ನಿಂತೆ. ಆದದ್ದು ಆಯಿತು, ಇವತ್ತಿನಿಂದಲಾದರೂ ನನ್ನ ಕೈ ಸೋಕುವುದು ಬೇಡ. ರೋಕ್ ಆ ಗ್ರೀಕ್ ಕಲಿಸಿದ ಹಾಗೆಯೇ ನೇರ ಗೀರು ಹಾಕಿದ, ತಲೆ ಕತ್ತರಿಸಿ ಸೂಪಿನ ಡಬ್ಬಕ್ಕೆ ಎಸೆದ, ಚಂದವಾಗಿಯೇ ಸುಟ್ಟ. ಶಬೀರ್ ಒಯ್ದ.

ಐದು ನಿಮಿಷವಾಗಿಲ್ಲ, ತಟ್ಟೆ ಹಿಂದೆ ಬಂತು. ಒಂದು ತುಂಡೂ ಮುರಿದಿರಲಿಲ್ಲ. ಹಿಂದಿನಿಂದಲೇ ಮ್ಯಾನೇಜರ್ ಓಡಿಬಂದ. ವಾರ ವಾರ ಬರುವ ಗಿರಾಕಿ, ಇವತ್ತು ಬೇರೆ ಯಾರೋ ಮಾಡಿದ್ದಾರೆ, ದಿನಾ ಮಾಡುವವನೇ ಮಾಡಿದರೆ ತಿನ್ನುತ್ತೇನೆ, ಇಲ್ಲದಿದ್ದರೆ ಹೀಗೇ ಏಳುತ್ತೇನೆ ಎನ್ನುತ್ತಿದ್ದಾನೆ, ಇನ್ನೊಂದು ಹಾಮೂರ್ ತಂದಿದ್ದೇನೆ, ಯಲ್ಲಾ, ಬೇಗ ಎಂದ. ತಲೆ ಎಲ್ಲಿ ಎಂದೂ ಕೇಳಿದನಂತೆ.

ಭಾನುವಾರ ಎದೆ ಸೀಳಿಸಿಕೊಳ್ಳುವವನು ಇವತ್ತು ಉಪವಾಸ ಏಳುವುದೇ? ನನಗೆ ತಡೆಯಲಿಲ್ಲ. ಮೀನು ಎಳೆದುಕೊಂಡು ಓರೆಯಾಗಿ ಗೀರು ಹಾಕಿದೆ, ಮೂರು, ಎರಡು. ಸುಡುವಷ್ಟು ಹೊತ್ತೂ ನನ್ನ ಬಾಯಿಯಲ್ಲಿ ಒಂದೇ ಜಪ: ಸ್ವಾಮಿ, ಕೇಡಿದ್ದರೆ ನನಗೆ ಹಾಕು, ಅವನಿಗೆ ಬೇಡ. ತಲೆ ಗರಿಗರಿಯಾಯಿತು. ತಟ್ಟೆ ಕಿಂಡಿಯಲ್ಲಿ ಇಡಲು ಹೋದವನು ಇಡಲಿಲ್ಲ. ಶಬೀರನನ್ನು ಸರಿಸಿ ನಾನೇ ಎತ್ತಿಕೊಂಡು ಹೊರಗೆ ನಡೆದೆ. ಹೇಳಿಯೇ ಬಿಡುವುದು, ಖಲಾಸ್.

ನನ್ನನ್ನು ಕಂಡು ಅತ್ತಿಗೆಯ ಮುಖ ಬೆಳ್ಳಗಾಯಿತು. ನಾನು ಸುತ್ತಿ ಬಂದು ಅಣ್ಣನ ಎದುರು ನಿಂತೆ. ತಟ್ಟೆ ಇಟ್ಟೆ. ‘ಅಣ್ಣ’ ಎಂದೆ.

ಅಣ್ಣ ನನ್ನ ಮುಖ ನೋಡಲಿಲ್ಲ. ಮೀನಿನ ಮೇಲಿನ ಗೀರುಗಳನ್ನು ನೋಡುತ್ತಾ ಮೆಲ್ಲಗೆ ಕೇಳಿದ, ‘ನೀವಾ ಇಲ್ಲಿ ಅಡುಗೆ ಮಾಡುವವರು?’

ಕೇಳಿದ್ದು ಕನ್ನಡದಲ್ಲಿ. ನಮ್ಮ ನಡುವೆ ಹುಟ್ಟಿದಂದಿನಿಂದ ತುಳು ಬಿಟ್ಟು ಬೇರೆ ಭಾಷೆಯಿಲ್ಲ. ಕನ್ನಡವೇನಿದ್ದರೂ ಶಾಲೆಯ ಮೇಷ್ಟ್ರ ಹತ್ತಿರ, ಪರಊರಿನವರ ಹತ್ತಿರ. ಅದರ ಮೇಲೆ ‘ನೀವು’ ಬೇರೆ. ನನ್ನ ಮೈ ಉರಿದುಹೋಯಿತು. ಸಾಯುವ ಕಾಲಕ್ಕೂ ಈ ಮನುಷ್ಯನಿಗೆ ಇಷ್ಟು ಹಗೆಯೇ, ಒಡಹುಟ್ಟಿದವನ ಗುರುತೂ ಬೇಡವೇ?

‘ಅಣ್ಣ, ನಾನು...’

‘ಹೆಸರು ಹೇಳ್ಬೇಡಿ,’ ಎಂದ. ‘ಹೇಳಿದ್ರೆ ನಾನು ಈ ಮೀನು ತಿನ್ನುವ ಹಾಗಿಲ್ಲ. ನನ್ನದೊಂದು ಆಣೆ ಉಂಟು. ಯಾರು ಮಾಡಿದ್ದು ಅಂತ ಗೊತ್ತಿಲ್ಲದೆ ತಿಂದ್ರೆ ದೋಷ ಇಲ್ಲ ಅಂತ ನಮ್ಮ ಅಮ್ಮ ಹೇಳ್ತಿದ್ರು. ಅದಕ್ಕೇ ಎಂಟು ತಿಂಗಳಿಂದ ನಾನು ಯಾರಂತ ಕೇಳ್ಲೇ ಇಲ್ಲ. ಆ ಕಿಂಡಿಯ ಕಡೆ ತಿರುಗಿ ನೋಡ್ಲೂ ಇಲ್ಲ.’

ಎಸಿಯ ಗಾಳಿಯಂತೆ! ಮೊದಲನೇ ದಿನವೇ ಓರೆ ಗೀರು ಕಂಡು ಅವನಿಗೆ ಎಲ್ಲ ತಿಳಿದಿದೆ. ತಿಳಿದದ್ದನ್ನು ತಿಳಿಯದ ಹಾಗೆ ಇಟ್ಟುಕೊಳ್ಳಲು ಪ್ರತಿ ವಾರ ಕುರ್ಚಿ ತಿರುಗಿಸಿ ಕೂತಿದ್ದಾನೆ. ನಾನೂ ಅತ್ತಿಗೆಯೂ ಅವನನ್ನು ಮರುಳು ಮಾಡಿದೆವು ಎಂದು ನಂಬಿದ್ದೆವು. ನನ್ನ ಬಾಯಿಂದ ಹೆಸರು ಬಿದ್ದಿದ್ದರೆ ಆ ಎಂಟು ತಿಂಗಳ ಜಾಗ್ರತೆ ಮಣ್ಣುಪಾಲಾಗುತ್ತಿತ್ತು. ಕಾಪಾಡುತ್ತೇನೆ ಎಂದು ಬಂದವನು ಆಣೆಯನ್ನು ನಿಜವಾಗಿಯೂ ಮುರಿದು ಹೋಗುತ್ತಿದ್ದೆ.

ಅತ್ತಿಗೆ ಬಾಯಿ ತೆರೆದು ಅವನನ್ನೇ ನೋಡುತ್ತಿದ್ದರು. ಆಮೇಲೆ ಅವರೂ ಕನ್ನಡದಲ್ಲೇ, ನನಗಲ್ಲದೆ ಗೋಡೆಗೆ ಹೇಳುವ ಹಾಗೆ ಹೇಳಿದರು. ಗುರುವಾರ ಮನೆಗೆ ಹೋದ ಮೇಲೆ ಇವರು ದೇವರ ಹತ್ತಿರ ಹಳದಿ ಬಟ್ಟೆಯ ಗಂಟು ಬಿಚ್ಚಿ ಒಂದೊಂದು ನಾಣ್ಯ ಹಾಕುತ್ತಿದ್ದರು, ಯಾಕೆ ಎಂದರೆ ಸುಮ್ಮನೆ ಅನ್ನುತ್ತಿದ್ದರು ಎಂದು. ಹೇಳುತ್ತಾ ಅವರ ದನಿ ಒಡೆಯಿತು. ನಾನು ಕಟ್ಟಿಸಬೇಕೆಂದು ಬಂದ ತಪ್ಪು ಕಾಣಿಕೆಯ ಮುಡಿಪು ಆಗಲೇ ಅವನ ಮನೆಯಲ್ಲಿತ್ತು.

ಅಣ್ಣ ಮೀನು ಮುರಿದ. ಚಮಚ ಮುಟ್ಟಲಿಲ್ಲ, ಕೈಯಲ್ಲೇ. ಎರಡು ತುಂಡು ತಿಂದು, ನಿಧಾನಕ್ಕೆ ಮುಳ್ಳು ಬಿಡಿಸುತ್ತಾ ಹೇಳಿದ, ‘ನನಗೊಬ್ಬ ತಮ್ಮ ಇದ್ದಾನೆ. ಭಾನುವಾರ ನನಗೆ ಆಪರೇಷನ್. ಅದು ಮುಗಿದು ಓಡಾಡುವ ಹಾಗೆ ಆದ್ಮೇಲೆ ಅವನನ್ನು ಕರ್ಕೊಂಡು ಧರ್ಮಸ್ಥಳಕ್ಕೆ ಹೋಗಿ ಆಣೆ ಬಿಡಿಸ್ಕೊಳ್ಬೇಕು. ಅವನಿಗೆ ರಜೆ ಸಿಗ್ತದಾ ಗೊತ್ತಿಲ್ಲ. ಹೋಟೆಲಿನ ಕೆಲಸ.’

‘ಸಿಗ್ತದೆ,’ ಎಂದೆ. ‘ಸಿಗದಿದ್ರೆ ಅವನು ಕೆಲಸ ಬಿಡ್ತಾನೆ.’

‘ಹೌದೌದು. ಹೇಳದೆ ಕೇಳದೆ ಕೆಲಸ ಬಿಡುವ ಅಭ್ಯಾಸ ಉಂಟು ಅವನಿಗೆ.’

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಅವನ ಗ್ಲಾಸ್ ಖಾಲಿಯಾಗಿತ್ತು. ನಾಲ್ಕು ವರ್ಷದ ಹೋಟೆಲ್ ಅಭ್ಯಾಸ ನೋಡಿ, ಯೋಚಿಸದೆ ಜಗ್ ಎತ್ತಿ ಬಗ್ಗಿಸಲು ಹೋದೆ.

ಅಣ್ಣ ಅಂಗೈಯನ್ನು ಗ್ಲಾಸಿನ ಬಾಯಿಗೆ ಅಡ್ಡ ಇಟ್ಟ. ಬೆರಳಿಗೆ ಎಣ್ಣೆ ಮೆತ್ತಿತ್ತು. ಆಗ ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದ. ನಾಲ್ಕು ವರ್ಷದ್ದನ್ನು ಒಟ್ಟಿಗೇ ನೋಡಿದ.

‘ನೀರು ಈಗ ಬೇಡ,’ ಎಂದ. ‘ನೀರು ಊರಲ್ಲಿ.’

ನಾನು ಜಗ್ ಅತ್ತಿಗೆಯ ಮುಂದೆ ಇಟ್ಟು ಒಳಗೆ ಬಂದೆ. ಬಾಯಾರಿದವನ ಗ್ಲಾಸಿಗೆ ನೀರು ಹಾಕದೆ ಬಂದದ್ದು, ಆದರೂ ಎದೆ ಹಗುರಾಗಿತ್ತು. ರೋಕ್ ಏನಾಯಿತು ಎಂದು ಕೇಳಿದ್ದಕ್ಕೆ ಗಿರಾಕಿಗೆ ಮೀನು ಹಿಡಿಸಿತು ಎಂದಷ್ಟೇ ಹೇಳಿದೆ.

ಅವರು ಎದ್ದು ಹೋದ ಮೇಲೆ ಶಬೀರ್ ತಟ್ಟೆ ತಂದು ತೊಳೆಯುವಲ್ಲಿ ಇಟ್ಟ. ಮುಳ್ಳು ಒಂದು ಕಡೆ ಒಪ್ಪವಾಗಿ ಕೂಡಿಟ್ಟಿತ್ತು. ಇನ್ನೊಂದು ಕಡೆ ಮೀನಿನ ತಲೆ, ಸರಿಯಾಗಿ ಅರ್ಧ. ಕೆನ್ನೆಯ ಮಾಂಸವಿದ್ದ ಅರ್ಧ. ನಾನು ನಲ್ಲಿಯ ಬಳಿ ನಿಂತುಕೊಂಡೇ ಅದನ್ನು ತಿಂದೆ. ಆಣೆ ಹಾಕಿದವನು ಅವನು. ಅವನ ತಟ್ಟೆಯದ್ದು ತಿನ್ನುವುದಿಲ್ಲ ಎಂದು ನಾನು ಯಾವತ್ತೂ ಹೇಳಿರಲಿಲ್ಲ.

ಕೈ ತೊಳೆದು ಸೀದಾ ಮ್ಯಾನೇಜರನ ಹತ್ತಿರ ಹೋಗಿ ರಜೆಯ ಫಾರಂ ಕೇಳಿದೆ. ಸೀಸನ್ನಿನಲ್ಲಿ ಎಂಥ ರಜೆ ಎಂದು ಅವನು ಹುಬ್ಬು ಗಂಟಿಕ್ಕಿದ. ಕಾರಣ ಹೇಳು ಎಂದ.

ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ, ಅಣ್ಣನಿಗೆ ಒಂದು ಗ್ಲಾಸ್ ನೀರು ಕೊಡಲಿಕ್ಕೆ ಉಂಟು ಎಂದು. ಅವನು ಪೆನ್ನು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಒಂದು ಗ್ಲಾಸ್ ನೀರಿಗೆ ಇಂಡಿಯಾದವರೆಗೆ ಹೋಗಬೇಕೇ, ಇಲ್ಲಿ ನೀರಿಲ್ಲವೇ ಎಂದು ಕೇಳಿದ.

ಇಲ್ಲಿಯ ನೀರು ಆಗುವುದಿಲ್ಲ, ಅಲ್ಲಿಯೇ ಕೊಡಬೇಕು, ಅಣ್ಣನೂ ಬರುತ್ತಾನೆ ಎಂದೆ.